ಯಲಿಯೂರಿಗೆ ಮುಟ್ಟದ ಮಾತು

ಕಬ್ಬಿನ ಕಟಾವು ಶುರುವಾಗಿತ್ತು. ಮದ್ದೂರಿನ ರಸ್ತೆಯಲ್ಲಿ ಬೆಳಗಾಗುವ ಮುಂಚೆಯೇ ಟ್ರ್ಯಾಕ್ಟರುಗಳು ಸಾಲುಗಟ್ಟಿದ್ದವು. ಮೋಟಾರ್ ಫ್ಯಾಕ್ಟರಿಯ ಶೆಡ್ಡಿನೊಳಗೆ ಹೆಂಗಸರು ಬಳೆ ತೆಗೆದಿಟ್ಟು, ತಾಮ್ರದ ತಂತಿ ಸುತ್ತಲು ಕುಳಿತಾಗಿತ್ತು.

ನಡೆಯದ ಮೊಬೈಲ್ ಅಂಗಡಿ ಮುಚ್ಚಿ ಕೆಲಸಕ್ಕೆ ಸೇರಿದ ಪ್ರಸನ್ನನಿಗೆ ಅದು ಮೊದಲ ದಿನ. ಸೂಪರ್‌ವೈಸರ್ ಶಫೀವುಲ್ಲಾ ಅವನನ್ನು ಒಂದು ಮೇಜಿನ ಮುಂದೆ ನಿಲ್ಲಿಸಿದರು.

"ಇಲ್ಲಿ ಹೊಸಬ್ರಿಗೆ ಒಬ್ರು ಜೋಡಿ ಇರ್ತಾರೆ, ಅವ್ರೇ ಕಲಿಸೋದು. ಶನಿವಾರ ಎಲ್ಲರ ಮುಂದೆ ಸುತ್ತಿ ತೋರಿಸ್ಬೇಕು. ಮೊದ್ಲು ಎಲ್ಲಿ ತಪ್ಪಿದ್ರಿ, ಯಾರು ತಿದ್ದಿದ್ರು ಹೇಳಿ, ಆಮೇಲೆ ಕೆಲ್ಸ. ಯಾರೂ ನಗಲ್ಲ."

ಜೋಡಿ ತಲೆಯೆತ್ತಿದಳು. ಯಲಿಯೂರಿನ ನಾಗಶ್ರೀ.

ಪ್ರಸನ್ನನ ಕಿವಿ ಬಿಸಿಯಾಯಿತು. ಹೋದ ಶ್ರಾವಣದಲ್ಲಿ ಇವಳನ್ನೇ ನೋಡಲು ಹೋಗಿ, ಅವರ ನಡುಮನೆಯಲ್ಲಿ ಕೂತು ಎರಡು ಸಲ ಉಪ್ಪಿಟ್ಟು ಹಾಕಿಸಿಕೊಂಡು ತಿಂದಿದ್ದ. ದಾರಿಯಲ್ಲಿ ಅವ್ವನಿಗೆ, "ಚೆನ್ನಾಗವ್ಳೆ, ಆದ್ರೆ ಫ್ಯಾಕ್ಟ್ರಿಗೆ ಓಗೋಳು ಬ್ಯಾಡ ಕಣವ್ವ" ಅಂದಿದ್ದ. ಆ ಬೇಡವೆಂಬ ಮಾತನ್ನೂ ಯಲಿಯೂರಿಗೆ ಯಾರೂ ಮುಟ್ಟಿಸಿರಲಿಲ್ಲ.

"ಉಂಗುರ ತೆಗೀರಿ," ಅಂದಳು ನಾಗಶ್ರೀ. "ತಂತಿ ಮ್ಯಾಲಿನ ವಾರ್ನಿಶ್ ಕೆರೆದೋಯ್ತದೆ."

ಅಷ್ಟೇ. ಬೈದುಬಿಟ್ಟಿದ್ದರೆ ಅವನಿಗೆ ಹಗುರಾಗುತ್ತಿತ್ತು.

ಅವಳ ಬೆರಳುಗಳ ನಡುವೆ ತಂತಿ ಮೆಲ್ಲಗೆ ಜಾರಿ ಸುತ್ತಿಕೊಳ್ಳುತ್ತಿತ್ತು. ಅವನು ಎಳೆದರೆ ಪಟ್ಟನೆ ಹರಿಯುತ್ತಿತ್ತು.

"ಯಾಕಷ್ಟು ಬಿಗಿ? ಅದೇನು ಓಡೋಗ್ತದಾ?"

ಪಕ್ಕದ ಮೇಜಿನ ರೂಪ ಕಿಸಕ್ಕೆಂದಳು. "ಕೈ ಬಿಟ್ರೆ ಓಡೋಗೋರು ಬೇರೆಯವ್ರು ಬುಡು."

ಇವಳಿಗೂ ಗೊತ್ತು. ಪ್ರಸನ್ನನಿಗೆ ಮೇಜಿನಡಿ ಸೇರಿಕೊಳ್ಳಬೇಕೆನ್ನಿಸಿತು. ನಾಗಶ್ರೀ ಮಾತ್ರ ಹರಿದ ತಂತಿಯನ್ನು ಬಿಚ್ಚುತ್ತ, ರೆಪ್ಪೆಯಡಿಯಿಂದ ಒಮ್ಮೆ ನೋಡಿ, ಮತ್ತೆ ಮೊದಲಿಂದ ತೋರಿಸಿದಳು.

ಶುಕ್ರವಾರ ಊಟದ ಹೊತ್ತಿಗೆ ಅವಳ ಡಬ್ಬಿ ಅವನ ಕಡೆಗೆ ಸರಿಯಿತು. ಉಪ್ಪಿಟ್ಟು.

"ತಿನ್ನಿ, ನಿಮ್ಗೆ ಇಷ್ಟ ಅಲ್ವಾ?" ತುಟಿಯ ಒಂದು ಕೊನೆ ಮಾತ್ರ ನಕ್ಕಿತು. ಆಮೇಲೆ ಅದೂ ಇಲ್ಲ. "ನಮ್ಮವ್ವ ದೀಪಾವಳಿ ಗಂಟ ಕಾದ್ಳು. ಫೋನು ಬಡ್ಕೊಂಡ್ರೆ ಸಾಕು, ಸೆರಗಲ್ಲಿ ಕೈ ಒರೆಸ್ಕೊಂಡು ಓಡೋಳು."



ಶನಿವಾರ ಎಲ್ಲರ ಮುಂದೆ ಪ್ರಸನ್ನ ನಿಂತ. ಉಂಗುರ ಹಾಕ್ಕೊಂಡೇ ಬಂದಿದ್ದೆ, ಬಿಗಿ ಎಳೆದೆ, ತಿದ್ದಿದ್ದು ನಾಗಶ್ರೀ ಅಂದ. ಸುತ್ತಿ ತೋರಿಸಿದ. ಯಾರೂ ನಗಲಿಲ್ಲ. ನಿಜವಾದ ತಪ್ಪು ನಾಲಿಗೆಯ ತುದಿಯಲ್ಲೇ ಇತ್ತು. ಅದನ್ನು ಅಲ್ಲಿ ಆಡಿದರೆ ತಲೆ ತಗ್ಗಿಸಬೇಕಾದವಳು ಅವಳು ಎಂದು ನುಂಗಿಕೊಂಡ.

ಸಂಜೆ ರೈಲ್ವೆ ಸ್ಟೇಷನ್ನಿಗೆ ಅವಳ ಹಿಂದೆಯೇ ಹೋದ.

"ಫ್ಯಾಕ್ಟ್ರಿ ಹುಡ್ಗಿ ಅಂತ ಬ್ಯಾಡ ಅಂದೆ. ಅದನ್ನ ಹೇಳಿ ಕಳ್ಸೋ ಯೋಗ್ತೇನೂ ಇರ್ಲಿಲ್ಲ ನಂಗೆ. ನಿಮ್ಮ ಮುಖ ನೋಡಾಕೆ ನಾಚ್ಕೆ ಆಯ್ತದೆ. ಆದ್ರೆ ನೋಡ್ದೆ ಇರಾಕೂ ಆಯ್ತಿಲ್ಲ." ಅವನು ನೆಲ ನೋಡುತ್ತಿದ್ದ. "ಈಗ ನಾನೇ ಕೇಳ್ತಿದ್ದೀನಿ. ನನ್ನ ಒಪ್ತೀರಾ?"

ರೈಲು ಬಂದು ನಿಂತಿತು. ನಾಗಶ್ರೀ ಹತ್ತಿ, ಬಾಗಿಲಲ್ಲೇ ತಿರುಗಿದಳು.

"ನಾಳೆ ಮನೆಗೆ ಬನ್ನಿ. ನಮ್ಮವ್ವನ ಮುಂದೆ ಮೊದ್ಲು ಎಲ್ಲಿ ತಪ್ಪಿದ್ರಿ ಹೇಳಿ, ಆಮೇಲೆ ಕೇಳಿ."

"ಆಮೇಲೆ?"

"ಆಮೇಲೆ ನೀವು ಕಾಯಿರಿ, ನಮ್ಮವ್ವ ಕಾದಂಗೆ." ರೈಲು ಅಲುಗಿತು. ಈ ಸಲ ಅವಳ ತುಟಿಯ ಎರಡೂ ಕೊನೆ ನಕ್ಕವು. "ಫೋನು ಸೈಲೆಂಟಲ್ಲಿ ಮಾತ್ರ ಇಡ್ಬ್ಯಾಡಿ."