ಎಡಗಿವಿಯ ಕಡೆ

ಅವಳು ನಮ್ಮ ಅಚ್ಚುಕೂಟದ ಬಾಗಿಲಲ್ಲಿ ಬಂದು ನಿಂತಾಗ ನನ್ನ ಕೈಯಲ್ಲಿ ಅವಳದೇ ಚಿತ್ರದ ಇನ್ನೊಂದು ಪ್ರತಿಯಿತ್ತು. ಮಸಿ ಇನ್ನೂ ಆರಿರಲಿಲ್ಲ.

ದೊಡ್ಡವರನ್ನು ಗೇಲಿ ಮಾಡುವ ಚಿತ್ರಗಳನ್ನು ಅಚ್ಚು ಹಾಕಿ ಮಾರುವುದೇ ನಮ್ಮ ಕಸುಬು. ನಾನು ತಾಮ್ರದ ತಗಡಿನ ಮೇಲೆ ಕೆತ್ತುತ್ತೇನೆ, ಅಕ್ಕ ಯಂತ್ರ ತಿರುಗಿಸುತ್ತಾಳೆ. ಈ ವಾರ ಎದುರು ಬಂಗಲೆಯವರ ಮಗಳ ಸರದಿ: ಹೂ ಮಾರುವ ಅಜ್ಜಿ ಮಾತಾಡಿಸಿದರೆ ಅತ್ತ ಮುಖ ತಿರುಗಿಸುವ ಜಂಬಗಾತಿ. ಮೂಗನ್ನು ಮುಗಿಲಿಗೇ ಏರಿಸಿದ್ದೆ. ಊರೆಲ್ಲ ಬಿದ್ದು ಬಿದ್ದು ನಕ್ಕಿತ್ತು.

ನಿಜ ಹೇಳುತ್ತೇನೆ. ವರ್ಷದಿಂದ ಅವಳನ್ನು ಕಿಟಕಿಯಿಂದ ಕದ್ದು ನೋಡುತ್ತಿದ್ದವನು ನಾನು. ಒಮ್ಮೆ ಧೈರ್ಯ ಮಾಡಿ ರಸ್ತೆಯಲ್ಲಿ ಮಾತಾಡಿಸಿದೆ. ಮುಖ ತಿರುಗಿಸಿದಳು. ಉತ್ತರಕ್ಕೂ ಕಾಯದೆ ಓಡಿಬಂದು, ಉಳಿ ಹಿಡಿದು ಕೂತೆ.

"ಇದನ್ನ ಮಾಡಿದ್ದು ನೀವಾ?" ಬಾಗಿಲಲ್ಲಿ ನಿಂತೇ ಕೇಳಿದಳು.

"ಹೂಂ," ಎಂದೆ.

ಅವಳು ಮತ್ತೆ ಅತ್ತ ತಿರುಗಿದಳು. "ಇನ್ನೊಂದ್ಸಲ ಹೇಳಿ. ನಂಗೆ ಬಲಗಿವಿ ಕೇಳಿಸಲ್ಲ. ಚಿಕ್ಕವಳಿದ್ದಾಗ ಜ್ವರ ಬಂದು ಕೇಳಿಸೋದು ನಿಂತೋಯ್ತು."

ನಿಂತ ನೆಲ ಬಾಯಿಬಿಟ್ಟು ನುಂಗಬಾರದೇ ಅನ್ನಿಸಿತು. ಅವತ್ತು ಅವಳು ತಿರುಗಿದ್ದು ಎಡಗಿವಿಯಿಂದ ನನ್ನ ಮಾತು ಕೇಳಿಸಿಕೊಳ್ಳಲಿಕ್ಕೆ.

"ಈಗ ಜನ ನನ್ನ ಕಂಡ್ರೆ ಕತ್ತು ತಿರುಗಿಸಿ ನಗ್ತಾರೆ," ಎಂದಳು. "ಮೂಗು ಬಿಡಿ, ನಮ್ಮನೇಲಿ ಎಲ್ರದೂ ಉದ್ದವೇ. ಆದ್ರೆ ಕಿವಿ ತಪ್ಪಾಗಿದೆ. ಅಜ್ಜಿ ಕಡೆಗೆ ಕೇಳಿಸದ ಕಿವಿ ಕೊಟ್ಟಿದೀರಿ."

ತಗಡಿನಲ್ಲಿ ಎಡಕ್ಕಿದ್ದದ್ದು ಕಾಗದದಲ್ಲಿ ಬಲಕ್ಕೆ ಬರುತ್ತದೆ. ಅದಕ್ಕೇ ತಿರುವುಮುರುವಾಗಿ ಕೆತ್ತಬೇಕು. ಸಿಟ್ಟಿನ ಭರದಲ್ಲಿ ಕಸುಬನ್ನೂ ಮರೆತು ಕಂಡಂತೆಯೇ ಕೆತ್ತಿದ್ದೆ.

"ಇವನಿಗೆ ಎರಡೂ ಕಿವಿ ನೆಟ್ಟಗಿದೆ ಕಣಮ್ಮ, ಏನು ಭಾಗ್ಯ ಬಂತು," ಎಂದು ಯಂತ್ರದ ಬಳಿಯಿದ್ದ ಅಕ್ಕ ಒಳಗೆ ಹೋದಳು.

ನಾನು ಉಳಿ ತೆಗೆದು ತಗಡಿನ ಮೇಲೆ ಅಡ್ಡಡ್ಡ ಗೀಚಿದೆ. ಇನ್ನೊಂದು ಪ್ರತಿ ಬರುವಂತಿರಲಿಲ್ಲ. ಹೋದ ಪ್ರತಿಗಳು ಹೋಗಿದ್ದವು.

"ಅವತ್ತು ರಸ್ತೇಲಿ ಏನೋ ಕೇಳೋಕೆ ಬಂದ್ರಿ. ತಿರುಗೋಷ್ಟರಲ್ಲಿ ಓಡಿಬಿಟ್ರಿ. ಏನದು?"

ಮೇಜು ಬಳಸಿ ಅವಳ ಎಡಕ್ಕೆ ಹೋದೆ. "ನೀವಂದ್ರೆ ನಂಗಿಷ್ಟ. ಅಷ್ಟು ಹೇಳೋ ಧೈರ್ಯ ಇರಲಿಲ್ಲ. ನಿಮ್ಮ ಚಿತ್ರ ಬರೀಬಹುದಾ ಅಂತ ಕೇಳಿದ್ದೆ."

"ಬರೆದಾಯ್ತಲ್ಲ."

ನನಗೆ ಅಳು ಬಂತು. ಅವಳು ಹೊರಟುಹೋಗುತ್ತಾಳೆ ಎಂದುಕೊಂಡೆ. ಸ್ಟೂಲು ಎಳೆದ ಸದ್ದಾಯಿತು. ನನ್ನೆದುರೇ ಕೂತಿದ್ದಳು. ವರ್ಷವಿಡೀ ಕದ್ದು ನೋಡಿದ ಮುಖ ಒಂದು ಮಾರು ದೂರದಲ್ಲಿತ್ತು, ಕಣ್ಣೆತ್ತುವುದಕ್ಕೇ ಆಗಲಿಲ್ಲ.

"ನೋಡದೆ ಬರೆದಿದ್ದು ಸಾಕು," ಎಂದಳು. "ತಲೆ ಎತ್ತಿ."