ಸೋತವರ ಸುತ್ತು

ಸಭೆ ಹತ್ತಕ್ಕೆ ಎಂದಿತ್ತು. ಮಾರುತೇಶ ಒಂಬತ್ತೂಕಾಲಿಗೇ ಬಂದು ಬಾಗಿಲು ಕಾಣುವ ಕುರ್ಚಿಯಲ್ಲಿ ಕೂತ. ತಾನು ಬಾಗಿಲನ್ನೇ ನೋಡುತ್ತಿರುವುದು ಬಾಗಿಲಿಗೂ ಗೊತ್ತಾಗಿಬಿಟ್ಟೀತು ಅನ್ನಿಸಿ ಎದ್ದು, ಗೋಡೆಗೆ ಮುಖ ಮಾಡಿದ ಕುರ್ಚಿಗೆ ಹೋದ. ಅಲ್ಲಿ ಕೂತರೆ ಬೆನ್ನಿಗೆ ಸಮಾಧಾನವಿಲ್ಲ. ಮತ್ತೆ ಮೊದಲಿನದಕ್ಕೇ ಬಂದ. ಚಳ್ಳಕೆರೆಯ ಯುವಕ ಸಂಘದ ಕೋಣೆಯಲ್ಲಿದ್ದದ್ದು ಆರು ಕುರ್ಚಿ. ಹರಿಪ್ರಿಯಾ ಬರುವಷ್ಟರಲ್ಲಿ ಆತ ನಾಲ್ಕರ ಗುಣದೋಷ ಬಲ್ಲವನಾಗಿದ್ದ.

ಆಕೆ ಬಂದಳು. ಮೊಳಕಾಲ್ಮೂರಿನಿಂದ ಬಸ್ಸಿನ ಕಿಟಕಿ ಪಕ್ಕ ಕೂತು ಬಂದಿದ್ದಾಳೆಂದು ಕೂದಲೇ ಹೇಳುತ್ತಿತ್ತು. ಆಷಾಢದ ಗಾಳಿ ಒಂದೆಳೆಯನ್ನು ಕಿವಿಯ ಹಿಂದಿನಿಂದ ಬಿಡಿಸಿ ಕೆನ್ನೆಯ ಮೇಲೆ ತಂದಿಟ್ಟಿತ್ತು. ಆಕೆ ಅದನ್ನು ಸರಿಸಲಿಲ್ಲ. ಸರಿಸಿದ್ದರೆ ಮಾರುತೇಶನಿಂದ ಆ ದಿನ ಒಂದಿಷ್ಟಾದರೂ ಕೆಲಸವಾಗುತ್ತಿತ್ತು.

"ನಮಸ್ಕಾರ ಸರ್."

"ನಮಸ್ಕಾರ ಮೇಡಮ್. ಬಸ್ ರಶ್ ಇತ್ತಾ?"

"ಬಸ್ಸಿನ ವಿಷ್ಯ ಅಜೆಂಡಾದಾಗೆ ಐತಾ?"

ಇರಲಿಲ್ಲ.

ಅಜೆಂಡಾದಲ್ಲಿ ಇದ್ದದ್ದು ಒಂದೇ ವಿಷಯ. ಎರಡು ವರ್ಷ ಮಳೆ ಚೆನ್ನಾಗಿ ಬಂದು ಊರಾಚೆಯ ಕೆರೆ ತುಂಬಿತ್ತು. ನೀರು ಕಂಡ ಸಂಭ್ರಮದಲ್ಲಿ ಯಾರೋ ದಾನಿ ಕರಾವಳಿಯಿಂದ ಎರಡು ಹಳೆಯ ದೋಣಿ ತರಿಸಿಕೊಟ್ಟಿದ್ದರು. ಆಗಸ್ಟ್ ಹದಿನೈದರ ಮರುದಿನ ಎರಡು ತಾಲ್ಲೂಕುಗಳ ಯುವ ರೋಯಿಂಗ್ ಚಾಂಪಿಯನ್‌ಶಿಪ್ ಎಂದು ಘೋಷಣೆಯೂ ಆಗಿತ್ತು. ಹೆಸರು ದೊಡ್ಡದು, ಇದ್ದದ್ದು ಒಂದು ಹಳದಿ ದೋಣಿ, ಒಂದು ನೀಲಿ ದೋಣಿ, ಎಂಟು ಜೋಡಿ ಮಕ್ಕಳು. ನಿಯಮ ಬರೆಯಲು ಮೂವರ ಸಮಿತಿ: ನಿವೃತ್ತ ಹೆಡ್ಮಾಸ್ಟರ್ ಶಾಂತವೀರಪ್ಪ ಅಧ್ಯಕ್ಷರು, ಚಳ್ಳಕೆರೆಯ ಪರವಾಗಿ ಪಿ.ಟಿ. ಮೇಷ್ಟ್ರು ಮಾರುತೇಶ, ಮೊಳಕಾಲ್ಮೂರಿನ ಪರವಾಗಿ ಪಿ.ಟಿ. ಟೀಚರ್ ಹರಿಪ್ರಿಯಾ. ನಿಯಮಪತ್ರಕ್ಕೆ ಮೂವರ ಸಹಿಯೂ ಬೀಳಬೇಕು. ಇದು ಐದನೇ ಸಭೆ.

ಸಮಿತಿಗೆ ತಿಳಿಯದ ಸಂಗತಿ ಇನ್ನೊಂದಿತ್ತು. ಯುಗಾದಿ ಮುಗಿದ ವಾರ ಮಾರುತೇಶ ಅಕ್ಕ ನಾಗರತ್ನಳಿಗೆ ಸೀರೆ ನೋಡುವ ನೆಪ ಹೇಳಿ ಮೊಳಕಾಲ್ಮೂರಿಗೆ ಹೋಗಿದ್ದ. ಹರಿಪ್ರಿಯಾಳದು ನೇಕಾರರ ಮನೆ. ಶಾಲೆ ಇಲ್ಲದ ಹೊತ್ತಲ್ಲಿ ಆಕೆಯೂ ಮಗ್ಗದಲ್ಲಿ ಕೂರುತ್ತಾಳೆ; ಆವತ್ತೂ ಕೂತಿದ್ದಳು. ಆಕೆಯ ಅಮ್ಮ ನೀರು ತರಲು ಒಳಗೆ ಹೋದ ಒಂದು ನಿಮಿಷದಲ್ಲಿ, ಬಸ್ಸಿನಲ್ಲಿ ಎಪ್ಪತ್ತು ಸಲ ಉರು ಹೊಡೆದ ಮಾತನ್ನು ಆತ ಕೇಳಿಯೇಬಿಟ್ಟ. "ಮೇಡಮ್, ನಿಮಗೆ ಒಪ್ಪಿಗೆ ಇದ್ರೆ, ಮದ್ವೆ ವಿಷ್ಯ ನಾನು ನಮ್ಮ ಮನೇಲಿ ಮಾತಾಡ್ತೀನಿ."

ಆಕೆ ತಲೆ ಎತ್ತಲಿಲ್ಲ. ತುಟಿ ಅಲ್ಲಾಡಿತು, ಮಾತು ಬರಲಿಲ್ಲ. ನೋವಾಗದಂತೆ ಬೇಡ ಎನ್ನುವುದು ಹೇಗೆಂದು ಪದ ಹುಡುಕುತ್ತಿದ್ದಾಳೆಂದು ಆತನಿಗೆ ಖಾತ್ರಿಯಾಯಿತು. ಆ ಕಷ್ಟ ಆಕೆಗೇಕೆಂದು ಚಪ್ಪಲಿ ಮೆಟ್ಟಿ ಹೊರಟುಬಿಟ್ಟ. ನನ್ನಿವಾಳ ಹಳ್ಳಿಯ ಅವನ ಮನೆಯಲ್ಲಿ, ಕೇಳಿದ್ದಕ್ಕೆ ಉತ್ತರ ಬರಲಿಲ್ಲವೆಂದರೆ ಇಲ್ಲವೆಂದೇ ಅರ್ಥ. ಅವನಪ್ಪ ಜೋಗಪ್ಪ ಹೊಸ ಬೈಕಿನ ಅರ್ಜಿಯನ್ನು ಮೂರು ವರ್ಷ ಹೀಗೆಯೇ ತಳ್ಳಿಹಾಕಿದ್ದ. ಅಕ್ಕನಿಗೆ ಸೀರೆಯೂ ಬರಲಿಲ್ಲ.

"ಶುರು ಮಾಡ್ರಪ್ಪಾ," ಎಂದರು ಶಾಂತವೀರಪ್ಪ. "ಇವತ್ತಾದ್ರೂ ಮುಗಿಸಿ, ಪುಣ್ಯ ಕಟ್ಕೊಳ್ಳಿ."

"ನಂದು ಹೋದ ಸಲ ಹೇಳಿದ್ದೇ ಸಾರ್," ಎಂದ ಮಾರುತೇಶ. "ನಾಕೌಟ್. ಇಬ್ಬಿಬ್ರು ಹೋಗ್ಲಿ, ಗೆದ್ದೋರು ಮುಂದಕ್ಕೆ, ಸೋತೋರು ಮನೆಗೆ. ಏಳು ರೇಸಿಗೆ ಮುಗೀತೈತೆ."

"ನೀಲಿ ದೋಣಿ ಎಡಕ್ಕೆ ಎಳೀತೈತೆ," ಎಂದಳು ಹರಿಪ್ರಿಯಾ. "ಮೊದಲ್ನೇ ಸುತ್ತಲ್ಲಿ ಸೋಲೋ ನಾಲ್ಕೂ ಜೋಡಿ ನೀಲಿ ದೋಣೀವೇ ಆಗಿರ್ತಾವೆ, ನೋಡ್ತಿರಿ. ಹತ್ತು ಗಂಟೆ ಮೇಲೆ ಗಾಳಿ ಬೇರೆ. ನಮ್ಮ ಮಕ್ಕಳು ಅಷ್ಟು ದೂರದಿಂದ ಬಂದು, ಮೂರು ನಿಮಿಷ ಗಾಳೀ ಜೊತೆ ಜಗಳ ಆಡಿ ವಾಪಸ್ ಹೋಗ್ಬೇಕಾ? ಸೋತೋರಿಗೆ ಇನ್ನೊಂದು ಸುತ್ತು ಬೇಕು."

"ಒಂದ್ಸಲ ಸೋತೋರು ಚಾಂಪಿಯನ್ ಆಗೋದಾ?"

"ಯಾಕಾಗಬಾರ್ದು?"

"ಸೋತಿದ್ದು ಸೋತಿದ್ದೇ ಮೇಡಮ್. ಒಂದ್ಸಲ ಅಂದ್ರೆ ಒಂದ್ಸಲ."

ಆಕೆ ಆತನನ್ನು ನೋಡಿದಳು. ಕಣ್ಣು ರೆಪ್ಪೆ ಬಡಿಯಬೇಕಾದ ಹೊತ್ತು ಮೀರಿದರೂ ಬಡಿಯಲಿಲ್ಲ. "ಗೊತ್ತು," ಎಂದಳು. "ನಿಮ್ಮ ಪದ್ಧತೀನೇ ಅದು."

ಮಾರುತೇಶ ಪೆನ್ನಿನ ಮುಚ್ಚಳ ತೆಗೆದು ಹಾಕಿದ, ತೆಗೆದು ಹಾಕಿದ.

"ನೀಲಿ ದೋಣಿ ರಿಪೇರಿ ಮಾಡಿಸಿದ್ರೆ ಆಗಲ್ವೇನ್ರಪ್ಪಾ?" ಎಂದು ಶಾಂತವೀರಪ್ಪ ಕೇಳಿದರು.

ಇಬ್ಬರೂ ಕೇಳಿಸಿಕೊಳ್ಳಲಿಲ್ಲ. ಹಿಂದಿನ ನಾಲ್ಕು ಸಭೆಗಳಲ್ಲೂ ಅವರು ಇದೇ ಮಾತು ಹೇಳಿದ್ದರು. ಹಿಂದೆಯೂ ಇಬ್ಬರಿಗೂ ಕೇಳಿಸಿರಲಿಲ್ಲ.

"ದೋಣಿ ಸರಿಯಾಗೇ ಐತೆ," ಎಂದು ಮಾರುತೇಶ ಗೋಡೆಗೆ ಹೇಳಿದ. "ಹುಟ್ಟು ಹಾಕೋರು ಸರಿ ಇರ್ಬೇಕು."

"ಹಂಗಾದ್ರೆ ಬನ್ನಿ ಕೆರೆಗೆ. ನಾನು, ನೀವು, ನೀಲಿ ದೋಣಿ."

ಶಾಂತವೀರಪ್ಪ ಇಬ್ಬರ ಮುಖವನ್ನೂ ನೋಡಿ, ತಮಗೆ ಮಂಡಿ ನೋವೆಂದು ಹೇಳಿ ಎರಡನೇ ಟೀ ತರಿಸಿಕೊಂಡರು.

ಲೈಫ್ ಜಾಕೆಟ್ಟಿನಲ್ಲಿ ಯಾರೂ ಚೆಂದ ಕಾಣುವುದಿಲ್ಲವೆಂದು ಮಾರುತೇಶ ಅಲ್ಲಿಯವರೆಗೆ ನಂಬಿದ್ದ. ದೋಣಿಯಲ್ಲಿ ಆಕೆ ಮುಂದೆ, ಆತ ಹಿಂದೆ. ಇಬ್ಬರ ಕೈಯಲ್ಲೂ ಎರಡೆರಡು ಹುಟ್ಟು. ಆತನಿಗೆ ಕಾಣುತ್ತಿದ್ದದ್ದು ಕಿತ್ತಳೆ ಬಣ್ಣದ ಕಾಲರಿನ ಮೇಲೆ ಎತ್ತಿ ಕಟ್ಟಿದ ಜಡೆ ಮತ್ತು ಅಂಗೈ ಅಗಲದ ಕುತ್ತಿಗೆ. ಅಲ್ಲೊಂದು ಸಣ್ಣ ಮಚ್ಚೆ. ದೋಣಿ ನಡೆಸುವಾತ ಸಾಮಾನ್ಯವಾಗಿ ಗಮನಿಸಬೇಕಾದ ವಸ್ತುಗಳ ಪಟ್ಟಿಯಲ್ಲಿ ಅದು ಇರಲಿಲ್ಲ.

"ಆತುರ ಬೇಡ ಸರ್. ನನ್ನ ಜೊತೇಲಿ ಎಳೀರಿ. ನಾನು ಎಣಿಸ್ತೀನಿ." ಆಕೆ ಎಣಿಸತೊಡಗಿದಳು, ತುಟಿಯೊಳಗೆ, ತೆಲುಗಿನಲ್ಲಿ. "ಒಕಟಿ... ರೆಂಡು... ಮೂಡು..."

"ಕನ್ನಡದಾಗೆ ಎಣಿಸಬಾರ್ದಾ?"

"ಎಣಿಸೋದು ನಮ್ಮಪ್ಪ ಮಗ್ಗದ ಮೇಲೆ ಕಲಿಸಿದ್ದು. ಕನ್ನಡದಾಗೆ ನಂಗೆ ಬೈಯೋಕೆ ಮಾತ್ರ ಬರ್ತೈತೆ. ಬೈಲಾ?"

"ಎಣಿಸ್ರಿ."

ಇಪ್ಪತ್ತನ್ನು ದಾಟುವಷ್ಟರಲ್ಲಿ ದೋಣಿ ಎಡಕ್ಕೆ ಹೊರಳಿತ್ತು. ಮಾರುತೇಶ ಜೋರು ಮಾಡಿದ. ದೋಣಿ ಎಡಕ್ಕೇ ಜೋರಾಯಿತು. ಗಾಳಿಯೂ ಸೇರಿಕೊಂಡು ಇಬ್ಬರನ್ನೂ ಮರ್ಯಾದೆಯಿಂದ ಕರೆದೊಯ್ದು, ನೀರಿನಲ್ಲಿ ಅರ್ಧ ಮುಳುಗಿದ್ದ ಬಳ್ಳಾರಿ ಜಾಲಿಯ ಪೊದೆಯೊಳಗೆ ಕೂರಿಸಿತು.

ಒಂದು ಕೊಕ್ಕರೆ ಎದ್ದು ಹೋಯಿತು.

"ದೋಣಿ ಸರಿಯಾಗೇ ಐತೆ," ಎಂದಳು ಆಕೆ ಕೊನೆಗೆ, ಆತನದೇ ದನಿಯಲ್ಲಿ.

ಆತ ನಗದಿರಲು ಪ್ರಯತ್ನಿಸಿದ, ಆಗಲಿಲ್ಲ. ಆಕೆಯ ಹೆಗಲೂ ಕುಲುಕುತ್ತಿತ್ತು. ಮುಳ್ಳಿನ ಕೊಂಬೆಯೊಂದು ಆಕೆಯ ತೋಳಿನತ್ತ ಬಾಗಿತ್ತು. ಆತ ಕೈ ಚಾಚಿ ಅದನ್ನು ಹಿಡಿದುಕೊಂಡ. ಅಂಗೈಗೆ ಮುಳ್ಳು ಚುಚ್ಚಿದರೂ ಬಿಡಲಿಲ್ಲ. ಆಕೆ ತಿರುಗಿ ಮೊದಲು ಆ ಕೈಯನ್ನು, ಆಮೇಲೆ ಆತನನ್ನು ನೋಡಿದಳು. ನಗು ಎಲ್ಲೋ ಹೋಗಿತ್ತು.

"ಒಂದ್ಸಲ ಆಗ್ಲಿಲ್ಲ ಅಂತ ಎದ್ದು ಹೋಗೋರನ್ನ ಕಂಡ್ರೆ ನಂಗೆ ಸಿಟ್ಟು ಬರುತ್ತೆ ಸರ್," ಎಂದಳು ಮೆಲ್ಲಗೆ. "ಗೆದ್ರಾ ಸೋತ್ರಾ ಅಂತ ನೋಡೋಕೂ ನಿಲ್ಲಲ್ಲ."

ದಡಕ್ಕೆ ಬಂದು, ಆಕೆ ಬಸ್ಸು ಹತ್ತಿದ ಮೇಲೂ ಆ ಮಾತು ಆತನೊಳಗೆ ಕೂರಲಿಲ್ಲ. ಮೂರು ದಿನ ಊಟ ಮಾಡುವಾಗ ಎದ್ದ, ಡ್ರಿಲ್ ಮಾಡಿಸುವಾಗ ಕೂತ. ಸಾವಧಾನ್ ಎಂದು ನಿಲ್ಲಿಸಿದ ಎಂಟನೇ ಕ್ಲಾಸಿನ ಮಕ್ಕಳನ್ನು ಹತ್ತು ನಿಮಿಷ ಹಾಗೇ ಮರೆತ. ನಾಲ್ಕನೇ ದಿನ ನಿಯಮಪತ್ರವನ್ನು ಹೊಸದಾಗಿ ಬರೆದ: ಮೊದಲ ಸುತ್ತಲ್ಲಿ ಸೋತ ನಾಲ್ಕು ಜೋಡಿಗಳು ಒಂದಾದ ಮೇಲೊಂದು, ಹತ್ತು ಗಂಟೆಯೊಳಗೆ, ಹಳದಿ ದೋಣಿಯಲ್ಲೇ, ಗಡಿಯಾರ ನೋಡಿ ಹೊತ್ತು ಬರೆದುಕೊಳ್ಳುವಂತೆ ಹೋಗತಕ್ಕದ್ದು; ಎಲ್ಲರಿಗಿಂತ ಬೇಗ ಬಂದವರಿಗೆ, ಗೆದ್ದವರಲ್ಲಿ ಕೊನೆಗೆ ಉಳಿದ ಜೋಡಿಯ ಎದುರು, ಫೈನಲ್‌ನಲ್ಲಿ ಜಾಗ. ಅದರ ಕೆಳಗೆ, ಬೇಸರದಿಂದಲೇ, ನೀಲಿ ದೋಣಿಯನ್ನು ಫೈನಲ್‌ಗೆ ಮೊದಲು ರಿಪೇರಿ ಮಾಡಿಸತಕ್ಕದ್ದು ಎಂದೂ ಬರೆದ. ಶಾಂತವೀರಪ್ಪ ಓದಿ, ಮೇಲೆ ನೋಡಿ ಕೈಮುಗಿದು, ಸಹಿ ಹಾಕಿದರು.

ಇನ್ನು ಆಕೆಯ ಸಹಿ ಬಿದ್ದರೆ ಸಮಿತಿ ಮುಗಿಯುತ್ತದೆ. ಆಮೇಲೆ ಆಕೆಯನ್ನು ನೋಡಲು ಅವನಿಗೆ ನೆಪವೇ ಉಳಿಯುವುದಿಲ್ಲ. ಹಾಳೆಯನ್ನು ಅಂಚೆಯಲ್ಲಿ ಕಳಿಸಬಹುದಿತ್ತು, ಫೋಟೋ ತೆಗೆದು ವಾಟ್ಸಾಪ್ ಮಾಡಬಹುದಿತ್ತು. ಭಾನುವಾರ ಬೆಳಗ್ಗೆ ಆತ ಬಸ್ಸು ಹತ್ತಿದ. ತಳಕಿನಲ್ಲಿ ಇಳಿದುಬಿಡೋಣ ಎನ್ನಿಸಿತು, ಹಾನಗಲ್ಲಿನಲ್ಲೂ ಅನ್ನಿಸಿತು.

ಮೊಳಕಾಲ್ಮೂರಿನ ಆ ಬೀದಿಯಲ್ಲಿ ಎರಡೂ ಕಡೆಯ ಮನೆಗಳಿಂದ ಮಗ್ಗದ ಸದ್ದು ಬರುತ್ತಿತ್ತು. ಹರಿಪ್ರಿಯಾ ಮಗ್ಗದಲ್ಲಿ ಕೂತಿದ್ದಳು, ಕಾಲು ಮಗ್ಗದ ಕೆಳಗಿನ ಗುಂಡಿಯೊಳಗೆ, ಕೆಂಪು ರೇಷ್ಮೆ ಮುಂದೆ. ಬುಟ್ಟದ ಹೂವು ಮೂಡಿಸಲು ಬೆರಳ ತುದಿಯಲ್ಲಿ ಎಳೆ ಬಿಡಿಸುತ್ತಿದ್ದಳು. ಪಕ್ಕದಲ್ಲಿ, ಅದೇ ಹಲಗೆಯ ಎಡತುದಿಯಲ್ಲಿ, ಅಮ್ಮ ಈಶ್ವರಮ್ಮ ಸೀರೆಯ ಅಂಚು ನೇಯುವ ಲಾಳಿ ಹಿಡಿದು ಕಾಯುತ್ತಿದ್ದಳು.

"ಮೇಡಮ್, ಸಹಿ..." ಎಂದ ಮಾರುತೇಶ.

ಆಕೆ ತಲೆ ಎತ್ತಲಿಲ್ಲ. ತುಟಿ ಅಲ್ಲಾಡಿತು. ಮಾತು ಬರಲಿಲ್ಲ.

ಮಾರುತೇಶನ ಕಾಲು ತನಗೆ ತಾನೇ ಚಪ್ಪಲಿಯ ಕಡೆ ಹೊರಟಿತ್ತು. ಈಶ್ವರಮ್ಮ ತುಟಿಗೆ ಬೆರಳಿಟ್ಟು ಸನ್ನೆ ಮಾಡಿ, ಪಿಸುದನಿಯಲ್ಲಿ ಹೇಳಿದಳು: "ಕೂರ್ಚೋ ಬಾಬು, ಕೂತ್ಕೋ. ಎಳೆ ಎಣಿಸ್ತಾ ಅವಳೆ. ನಡುವೆ ಮಾತಾಡಿದ್ರೆ ಸಾಲು ಪೂರ್ತಿ ಬಿಚ್ಬೇಕು. ನಮ್ಮನೇಗೆ ಬರೋರೆಲ್ಲ ಸಾಲು ಮುಗಿಯೋ ತನ್ಕ ಕೂತೇ ಮಾತಾಡೋದು. ಯುಗಾದಿ ಮುಗಿದ ವಾರ ಯಾರೋ ಮೇಷ್ಟ್ರು ಬಂದಿದ್ರು, ಮುಖಾನೂ ಸರಿಯಾಗಿ ನೋಡ್ಲಿಲ್ಲ, ನಾನು ನೀರು ತರೋದ್ರೊಳಗೆ ಮಾಯ. ಇವ್ಳು ಆವತ್ತು ನಾಲ್ಕು ಸಾಲು ತಪ್ಪು ನೇಯ್ದು, ಬಿಚ್ಚಿ, ಎರಡು ದಿನ ಯಾರ ಹತ್ರಾನೂ ಮಾತಾಡ್ಲಿಲ್ಲ."

ಮಾರುತೇಶ ನಿಂತಲ್ಲೇ ಕಿವಿಗೊಟ್ಟ. ಆ ತುಟಿಗಳ ನಡುವೆ ಸಣ್ಣ ದನಿಯಿತ್ತು. ಅರವೈ ಏಡು, ಅರವೈ ಎನಿಮಿದಿ. ಜಾಲಿ ಪೊದೆಗೆ ಹೋಗುವಾಗ ಕೇಳಿದ್ದ ಅದೇ ದನಿ. ಆವತ್ತೂ ಆಕೆ ಪದ ಹುಡುಕುತ್ತಿರಲಿಲ್ಲ. ಎಣಿಸುತ್ತಿದ್ದಳು.

ಆತ ಕೂತ. ಗೋಡೆಗೆ ಒರಗಿ, ಹಾಳೆ ಮಡಿಲಲ್ಲಿಟ್ಟುಕೊಂಡು, ನಾಲ್ಕು ತಿಂಗಳಲ್ಲಿ ಮೊದಲ ಸಲ ಒಂದೇ ಜಾಗದಲ್ಲಿ ಅಲ್ಲಾಡದೆ ಕೂತ. ಈಶ್ವರಮ್ಮ ಕೊಟ್ಟ ನೀರನ್ನು ಸದ್ದಾಗದಂತೆ ಕುಡಿದ. ಆಕೆಯ ಕಿವಿ ನಿಧಾನವಾಗಿ ಕೆಂಪಾಗುತ್ತಿದ್ದದ್ದನ್ನು, ಆದರೂ ಎಣಿಕೆ ತಪ್ಪದಿರುವುದನ್ನು ನೋಡಿದ. ಸಾಲು ಮುಗಿಯಲು ಹನ್ನೆರಡು ನಿಮಿಷ ಹಿಡಿಯಿತು. ಅಷ್ಟರಲ್ಲಿ ನಾಲ್ಕು ರೇಸು ಮುಗಿಸಬಹುದಿತ್ತು.

ಕೊನೆಯ ಎಳೆ ಮುಟ್ಟಿ ಹರಿಪ್ರಿಯಾ ತಲೆ ಎತ್ತಿದಳು.

"ಆವತ್ತು ನೂರಾ ನಲವತ್ತು ಎಳೆ ಇತ್ತು," ಎಂದಳು. "ತೊಂಬತ್ತಾರರಾಗೆ ನೀವು ಕೇಳಿದ್ರಿ. ನೂರಾ ಹತ್ತಕ್ಕೆ ಚಪ್ಪಲಿ ಹಾಕ್ಕೊಂಡ್ರಿ."

"ಮೇಡಮ್..."

"ಮೂವತ್ತು ಎಳೆ ಕಾಯೋಕಾಗ್ಲಿಲ್ಲ ನಿಮಗೆ. ಆಮೇಲೆ ಐದು ಮೀಟಿಂಗು, ಸೋತೋರಿಗೆ ಇನ್ನೊಂದು ಸುತ್ತು ಕೊಡಿ ಅಂತ ನಾನೇ ಬಡ್ಕೊಂಡೆ. ಮಕ್ಕಳಿಗೂ ಬೇಕಿತ್ತು, ಅದು ಬೇರೆ."

ಆತ ಹಾಳೆ ಚಾಚಿದ. ಆಕೆ ಓದಿದಳು. ಸೋತವರ ಸುತ್ತಿನ ಮೇಲೆ ಆಕೆಯ ಬೆರಳು ಸ್ವಲ್ಪ ಹೊತ್ತು ನಿಂತಿತು.

ಈಶ್ವರಮ್ಮ ಇಬ್ಬರನ್ನೂ ನೋಡಿ, ಸೊಂಟ ಹಿಡಿದುಕೊಂಡು ಎದ್ದಳು. "ಆ ಮೇಷ್ಟ್ರು ನೀನೇನಪ್ಪಾ? ಬಾ, ನನ್ನ ಜಾಗದಾಗೆ ಕೂತ್ಕೋ. ಅವಳು ಲಾಳಿ ಬಿಟ್ರೆ ಅಂಚಿನ ಲಾಳಿ ನೀನು ವಾಪಸ್ ಕೊಡ್ಬೇಕು. ಇಬ್ಬರಿಲ್ದೆ ಅಂಚು ಕೂಡಲ್ಲ. ಮಿಕ್ಕಿದ್ದಕ್ಕೆ ಇವರಪ್ಪ ಗೋವಿಂದಪ್ಪನೋರನ್ನ ಶ್ರಾವಣ ಬಂದ ಮೇಲೆ ಕೇಳು. ಅವರೂ ಎಣಿಸ್ತಾ ಇದ್ರೆ ಕಾಯ್ಬೇಕು, ಹೇಳಿದೀನಿ." ಕಾಫಿ ಇಡುತ್ತೇನೆಂದು ಒಳಗೆ ಹೋದಳು.

ಹಲಗೆಯ ತುದಿಯಲ್ಲಿ ಮಾರುತೇಶ ಕೂತ. ಇಬ್ಬರ ನಡುವೆ ಒಂದು ಗೇಣು ಕೆಂಪು ರೇಷ್ಮೆ. ಆಕೆ ಲಾಳಿ ಎಸೆದಳು. ಆತ ಅಂಚಿನದನ್ನು ತಡವರಿಸಿ ಕೊಟ್ಟ. ಬೆರಳು ತಾಗಿತು. ಆಕೆ ಕೈ ಹಿಂದೆಳೆದುಕೊಳ್ಳಲಿಲ್ಲ.

"ಈಗ ಎಣಿಸ್ತಾ ಇದೀರಾ?" ಎಂದು ಕೇಳಿದ.

"ಇಲ್ಲ."

"ಹಂಗಾದ್ರೆ ಇನ್ನೊಂದ್ಸಲ ಕೇಳ್ತೀನಿ. ನಿಮಗೆ ಒಪ್ಪಿಗೆ ಇದ್ರೆ..."

"ಐತೆ," ಎಂದಳು ಹರಿಪ್ರಿಯಾ. "ಲಾಳಿ ಕೊಡಿ."