ಉಪ್ಪಾದ ಊರೂ ಹಣ್ಣುಭಂಗಿಯ ಹೂವೂ

ಬಹಳ ಬಹಳ ಹಿಂದೆ, ಕಡಲಂಚಿನ ಒಂದು ರಾಜ್ಯದಲ್ಲಿ ಒಂದು ಗಿಡ ಬೆಳೆಯುತ್ತಿತ್ತು. ಅದಕ್ಕೆ... ಅದಕ್ಕೇನೋ ಹೆಸರಿತ್ತು. ಹಣ್ಗಂಪು? ಅಲ್ಲ. ಹಣ್ಣಂಗಿ? ಛೆ, ಅದೂ ಅಲ್ಲ. ನನ್ನಜ್ಜಿ ಹೇಳುತ್ತಿದ್ದ ಹೆಸರು. ಹುಟ್ಟಿದೂರು ಬಿಟ್ಟು ಐವತ್ತು ವರ್ಷವಾಯಿತು, ಅರ್ಧ ಮಾತ್ರ ಬಾಯಿಗೆ ಬರುತ್ತದೆ. ಇರಲಿ ಪುಟ್ಟೀ, ಹಣ್ಣುಭಂಗಿ ಎಂದೇ ಬರೆದುಕೋ. ಭಂಗಿಸೊಪ್ಪಿನ ಜಾತಿಯೇ. ಆದರೆ ಆಳಿಗಿಂತ ಎತ್ತರ, ಬೆರಳಿನಂಥ ಸಪೂರ ಎಲೆ, ಹೂವಿಗೆ ಮಾಗಿದ ಅನಾನಸಿನ ಪರಿಮಳ.

ಆ ರಾಜ್ಯವನ್ನು ಅರುಣಕೇತು ಎಂಬ ರಾಜ ಆಳುತ್ತಿದ್ದ. ಒಂದು ಮಧ್ಯಾಹ್ನ ಸುಳಿಗಣ್ಣನೆಂಬ ಮಾಂತ್ರಿಕ ಅರಮನೆಯ ಬಾಗಿಲಿಗೆ ಬಂದು, "ಈ ಕಡಲ ಗಾಳಿ ಇನ್ನು ನನ್ನದು. ಹಾಯಿ ಬಿಚ್ಚುವವರೆಲ್ಲ ಮೊದಲು ನನ್ನ ಕಾಲಿಗೆ ಬೀಳಬೇಕು" ಎಂದ.

ರಾಜ ನಕ್ಕ. "ಗಾಳಿಗೆ ಒಡೆಯನುಂಟೇನಯ್ಯಾ? ಹೋಗು, ಊಟ ಮಾಡಿ ಮಲಗು."

ಸುಳಿಗಣ್ಣ ಹೋದ. ಹೋಗುತ್ತಾ ಒಂದೇ ಸಲ ಉಫ್ ಎಂದು ಊದಿದ.

ಬಯಲಲ್ಲಿದ್ದವರೆಲ್ಲ ಉಪ್ಪಾದರು. ಮೀನು ಮಾರುವವಳು ಬಾಯಿ ತೆರೆದಂತೆಯೇ ಉಪ್ಪಾದಳು. ಕಿವಿ ಕೆರೆಯುತ್ತಿದ್ದ ನಾಯಿ ಕಾಲೆತ್ತಿದಂತೆಯೇ ಉಪ್ಪಾಯಿತು. ಸೂರಿನಡಿ ಇದ್ದವರು ಮಾತ್ರ ಉಳಿದರು. ರಾಜ ಬಾಗಿಲ ಸೂರಿನಡಿ ನಿಂತಿದ್ದ, ಅವನೂ ಉಳಿದ.

ಹಾಗೆ ಉಳಿದವರಲ್ಲಿ ಮೂಕಾಂಬು ಒಬ್ಬಳು, ಬಲೆ ಹೆಣೆಯುವವಳು. ಅವಳು ಕೊಟ್ಟಿಗೆಯಿಂದ ದಂಡೆಗೆ ಓಡಿದಳು. ಗಂಡ ಶೀನ ದೋಣಿ ಎಳೆಯುತ್ತಿದ್ದವನು ಒಂದು ಕಾಲೆತ್ತಿ ನಿಂತಿದ್ದ, ಬೆಳ್ಳಗೆ. ಕೆನ್ನೆ ಮುಟ್ಟಿದಳು. ಬೆರಳಿಗೆ ಉಪ್ಪು ಹತ್ತಿತು.

ಆಗ ನೀರಿನಿಂದ ಬಂಡೆಯಷ್ಟು ದೊಡ್ಡ ಆಮೆಯೊಂದು ಎದ್ದು ಬಂತು. "ಮಗಳೇ, ಮುಂಗಾರಿಗೆ ಇನ್ನು ಐದೇ ತಿಂಗಳು. ಮೊದಲ ಮಳೆಗೆ ಇವರೆಲ್ಲ ಕರಗಿ ಹೋಗುತ್ತಾರೆ" ಎಂದಿತು.

"ತೆಂಗಿನ ಮಡಲು ಹೊದಿಸುತ್ತೇನೆ, ಅಜ್ಜಾ."

"ನೀರು ನೆಲದಿಂದಲೂ ಏರುತ್ತದೆ, ಹುಚ್ಚಿ. ತಗೋ, ಹಣ್ಣುಭಂಗಿಯ ಮೂರು ಬೀಜ. ಅದರ ಹೂವಿನ ಪರಿಮಳ ತಾಗಿದರೆ ಉಪ್ಪಿಗೆ ಜೀವ ಬರುತ್ತದೆ. ಆದರೆ ಗಿಡ ಈ ದಂಡೆಯಲ್ಲೇ, ಈ ಗಾಳಿಯಲ್ಲೇ ಬೆಳೆಯಬೇಕು. ಮೂರರಲ್ಲಿ ಯಾವುದಾದರೂ ಗಂಡುಗಿಡವಾದರೆ ಗೆಣ್ಣಿನಲ್ಲಿ ಸಣ್ಣ ಉಂಡೆಗಳು ಕಟ್ಟುತ್ತವೆ. ಅವು ಒಡೆದು ಪುಡಿ ಹಾರುವ ಮೊದಲೇ ಕಿತ್ತುಬಿಡು. ಪುಡಿ ತಾಗಿದ ಹೂವು ಬೀಜ ಕಟ್ಟುತ್ತದೆ, ಪರಿಮಳ ಸತ್ತುಹೋಗುತ್ತದೆ."

ಮೂಕಾಂಬು ಬೀಜ ಊರಿದಳು. ಮೂರೂ ಮೊಳೆತವು. ಮೊಣಕಾಲೆತ್ತರ ಬಂದಾಗ ಸುಳಿಗಣ್ಣ ಗಾಳಿಗೂಳಿಯನ್ನು ಬಿಟ್ಟ. ಮೈಯೆಲ್ಲ ಧೂಳು, ಉಸಿರೆಲ್ಲ ಬಿರುಗಾಳಿ. ರಾಜ ಆಳುಗಳನ್ನು ಕರೆಸಿ ಗಿಡಗಳ ಮುಂದೆ ಕಲ್ಲಿನ ಗೋಡೆ ಕಟ್ಟಿಸಿದ. ಗೂಳಿ ಗೋಡೆ ಹಾರಿ ಈಚೆ ಬಂದು ಇನ್ನಷ್ಟು ರೇಗಿ ಸುತ್ತಿತು. ಗಿಡಗಳು ನೆಲಕ್ಕೆ ಮಲಗಿದವು.

"ಒಡೆಯರೇ, ಗೋಡೆ ಕೆಡವಿಸಿ" ಎಂದಳು ಮೂಕಾಂಬು.

"ಗೋಡೆ ಇದ್ದೂ ಹೀಗಾಯಿತು!"

"ಗೋಡೆ ಇದ್ದದ್ದಕ್ಕೇ ಹೀಗಾಯಿತು. ತಡೆದರೆ ಗಾಳಿಗೆ ಸಿಟ್ಟು ಬರುತ್ತದೆ. ನಾವು ಬಲೆ ಒಣಗಿಸುವಾಗ ನೋಡಿಲ್ಲವೇ ನೀವು? ಅರಮನೆಯವರು ಮೀನು ನೋಡುತ್ತೀರಿ, ಬಲೆ ನೋಡುವುದಿಲ್ಲ."

ಹಳೆಯ ಬಲೆಗಳನ್ನೆಲ್ಲ ತಂದು ಒಂದರ ಹಿಂದೊಂದು ಏಳು ಸಾಲು ಕಟ್ಟಿದಳು. ಗಿಡಗಳನ್ನು ಎತ್ತಿ, ಉದ್ದಕ್ಕೆ ಹೋಗುತ್ತಿದ್ದ ತುದಿಗಳನ್ನು ಮೆಲ್ಲಗೆ ಬಗ್ಗಿಸಿ, ಅಡ್ಡ ಹಾಸಿದ ಬಲೆಯ ಕಣ್ಣುಗಳಿಗೆ ಬಿಗಿದಳು. ಗೂಳಿ ನುಗ್ಗಿತು. ಮೊದಲ ಬಲೆಯಲ್ಲಿ ಕೊಂಬು ಸೋಸಿಹೋಯಿತು, ಮೂರನೆಯದರಲ್ಲಿ ಗೊರಸು. ಏಳನೆಯದನ್ನು ದಾಟುವಾಗ ಅದು ಬರಿಯ ತಂಗಾಳಿ. ರಾಜ ಬಾಯಿ ತೆರೆದು ನೋಡಿದ.

ಎರಡನೆಯ ಸಲ ಸುಳಿಗಣ್ಣ ಉಪ್ಪುಕೊಕ್ಕರೆಗಳನ್ನು ಕಳಿಸಿದ. ದಿನಾ ಬೆಳಗ್ಗೆ ಬಂದು ಉಪ್ಪಿನ ರೆಕ್ಕೆ ಕೊಡವುತ್ತಿದ್ದವು. ಎಲೆಯ ಅಂಚು ಸುಟ್ಟಂತೆ ಕಂದಾಯಿತು. ಮೂಕಾಂಬು ಬಾವಿಯಿಂದ ಸಿಹಿನೀರು ಹೊತ್ತು ತಂದು ಎಲೆ ಎಲೆಯನ್ನೂ ತೊಳೆದಳು. ಒಂದು ತಿಂಗಳು ತೊಳೆದಳು, ಎರಡು ತಿಂಗಳು ತೊಳೆದಳು. ಕೊನೆಗೆ ಬಾಯಾರಿದ ಕೊಕ್ಕರೆಗಳು ಆ ಕೊಡಕ್ಕೇ ಕೊಕ್ಕು ಹಾಕಿದವು. ಕುಡಿದದ್ದೇ ತಡ, ಕರಗಿ ಹೋದವು. ಉಪ್ಪು ಕರಗುವುದನ್ನು ಕಣ್ಣಾರೆ ಕಂಡ ಮೂಕಾಂಬುವಿನ ಕೈಯಿಂದ ಕೊಡ ಜಾರಿತು. ಅವಳು ತಿರುಗಿ ದಂಡೆಯಲ್ಲಿ ನಿಂತ ಶೀನನನ್ನು ನೋಡಿದಳು.

ಐದನೆಯ ತಿಂಗಳು. ಕಡಲ ಮೇಲೆ ಮೋಡ ಕಪ್ಪಾಯಿತು. ಎರಡು ಗಿಡಗಳಲ್ಲಿ ಬಿಳಿ ಕೂದಲಿನಂಥ ಹೂವು. ಮೂರನೆಯದರ ಗೆಣ್ಣಿನಲ್ಲಿ ಸಣ್ಣ ಸಣ್ಣ ಉಂಡೆ, ಒಡೆಯಲು ಸಿದ್ಧವಾಗಿ. ಮೂಕಾಂಬು ಬುಡಕ್ಕೆ ಕೈ ಹಾಕಿದಳು.

"ಕೀಳಬೇಡ!" ಎಂದಿತು ಗಿಡ.

ಶೀನನ ದನಿ!

"ಮೂಕಾಂಬು, ನಾನು ನಿನ್ನ ಗಂಡ. ನನ್ನ ಪ್ರಾಣ ಇದರಲ್ಲಿದೆ. ದಂಡೆಯಲ್ಲಿರುವುದು ಬರೀ ಉಪ್ಪಿನ ಗೊಂಬೆ. ಮೂಕಾಂಬು, ಕಿತ್ತರೆ ನಾನು ಸತ್ತೆ."

ರಾಜ ಅವಳ ಕೈ ಹಿಡಿದ. "ಬೇಡಮ್ಮಾ! ಅವನದೇ ದನಿ, ನಾನೂ ಬಲ್ಲೆ."

ಅವಳ ಬೆರಳು ಸಡಿಲಾದವು. ಉಂಡೆಯೊಂದು ಬಿರಿಯತೊಡಗಿತು. ಗಿಡ ಮತ್ತೆ ಕರೆಯಿತು: "ಮೂಕಾಂಬು, ನನ್ನ ಮೂಕಾಂಬು!"

ಅವಳು ತಲೆಯೆತ್ತಿದಳು. "ಒಡೆಯರೇ, ನಮ್ಮ ಕೇರಿಯಲ್ಲಿ ಗಂಡ ಹೆಂಡತಿಯ ಹೆಸರು ಹಿಡಿದು ಕರೆಯುವುದಿಲ್ಲ. ಹನ್ನೆರಡು ವರ್ಷದಲ್ಲಿ ನನ್ನ ಹೆಸರು ಅವರ ಬಾಯಲ್ಲಿ ಒಂದು ದಿನ ಬಂದದ್ದಿಲ್ಲ. ಒಮ್ಮೆ ಕಡಲಲ್ಲಿ ಮುಳುಗುವಾಗಲೂ ಅವರು ‘ಹ್ವಾಯ್’ ಎಂದೇ ಕೂಗಿದವರು!"

ಎಂದವಳೇ ಬುಡಸಮೇತ ಕಿತ್ತಳು.

ಬೇರಿನ ಬದಲು ಬಂದದ್ದು ಗಡ್ಡ! ಮಾರುದ್ದದ ನರೆತ ಗಡ್ಡ, ಅದರ ಹಿಂದೆ ಮಣ್ಣು ಮೆತ್ತಿದ ಸುಳಿಗಣ್ಣನ ಮುಖ. ರಾಜ ಕಿಟಾರನೆ ಕಿರುಚಿ ಹಿಂದಕ್ಕೆ ಬಿದ್ದ. "ಬಿಡೇ, ಬಿಡೇ!" ಎಂದು ಮಾಂತ್ರಿಕ ಅರಚಿದ. ಮೂಕಾಂಬು ಬಿಡಲಿಲ್ಲ, ಎಳೆದು ಬಿಸಿಲಿಗೆ ಒಗೆದಳು. ಅವನು ಮಧ್ಯಾಹ್ನದೊಳಗೆ ಒಣಗಿ, ಒಂದು ಮುಷ್ಟಿ ಹೊಟ್ಟಾಗಿ ಹಾರಿಹೋದ.

ಮೂರನೆಯ ದಿನ ಹೂವು ಮಾಗಿತು. ಆದರೆ ಪರಿಮಳ ಬಲೆಗಳ ನಡುವೆಯೇ ನಿಂತಿತ್ತು, ಮೋಡ ತಲೆಯ ಮೇಲೇ ಬಂದಿತ್ತು. ಮೂಕಾಂಬು ಕತ್ತಿ ತಂದು ಏಳು ಸಾಲು ಬಲೆಯನ್ನೂ ತಾನೇ ಕಡಿದಳು. ಗಾಳಿ ನುಗ್ಗಿತು. ಇಡೀ ಊರಿಗೆ ಅನಾನಸು ಹೆಚ್ಚಿಟ್ಟಂಥ ವಾಸನೆ.

ಮೀನಿನವಳು "...ಬಂಗುಡೆ!" ಎಂದು ಕೂಗು ಮುಗಿಸಿದಳು. ನಾಯಿ ಕಿವಿ ಕೆರೆಯಿತು. ಶೀನ ಎತ್ತಿದ ಕಾಲು ಕೆಳಗಿಟ್ಟು, ಸುತ್ತ ನೋಡಿ, "ಹ್ವಾಯ್, ಇದೇನು ಇಷ್ಟು ಬೇಗ ಮೋಡ? ಗಂಜಿ ಆಯಿತಾ?" ಎಂದ.

ಮೂಕಾಂಬು ಮರಳಿನ ಮೇಲೆ ಕೂತು ಗೊಳೋ ಎಂದು ಅತ್ತಳು. ಅವನಿಗೆ ಏನೂ ತಿಳಿಯಲಿಲ್ಲ. ಆಗಲೇ ಮೊದಲ ಹನಿ ಅವನ ಮೂಗಿನ ಮೇಲೆ ಬಿತ್ತು. ಆ ವರ್ಷವೂ, ಮುಂದಿನ ವರ್ಷಗಳಲ್ಲೂ ಅವರು ದೋಣಿ ಬಿಟ್ಟರು, ಬಲೆ ಹೆಣೆದರು, ಗಂಜಿ ಉಂಡರು, ಸುಖವಾಗಿದ್ದರು.

ಬರೆದುಕೋ ಪುಟ್ಟೀ. ಮಳೆ ಬಂತು ಅಂತ ಬರಿ. ಯಾರೂ ಕರಗಲಿಲ್ಲ ಅಂತ ಬರಿ.